ಎಂಟು ದಿನಕ್ಕೊಮ್ಮೆ ನೀರು: ಸ್ವಂತ ಬೋರ್ ಕೊರೆಸೋದಾ, ಊರಿನ ಪೈಪ್ ಸರಿ ಮಾಡಿಸೋದಾ?

ಓದುಗರ ಪ್ರಶ್ನೆ

"ಗದಗ ಜಿಲ್ಲೆಯ ಒಂದು ಪಟ್ಟಣದಲ್ಲಿ ಇದ್ದೇವೆ. ನಮ್ಮ ಬಡಾವಣೆಯಲ್ಲಿ 64 ಮನೆ. ಪುರಸಭೆಯ ನೀರು ಎಂಟು ದಿನಕ್ಕೊಮ್ಮೆ, ಎರಡು ತಾಸು. ಮನೆ ಕಟ್ಟಿಸುವಾಗಲೇ ಸಂಪ್, ಮೋಟಾರ್, ಮೇಲಿನ ಟ್ಯಾಂಕ್ ಅಂತ 90 ಸಾವಿರ ಹೋಯಿತು. ಆಮೇಲೆ ಆರ್‌ಒ ಹಾಕಿಸಿದೆವು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ. ಇಷ್ಟಾದರೂ ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಮೂರು ಮಕ್ಕಳಿಗೆ ಕಾಮಾಲೆ ಆಯಿತು. ಅದರಲ್ಲಿ ನನ್ನ ಮಗಳೂ ಒಬ್ಬಳು. ಈಗ ಬಡಾವಣೆಯವರು ಮನೆಗೆ 18 ಸಾವಿರ ಹಾಕಿ ಸ್ವಂತ ಬೋರ್ ಕೊರೆಸೋಣ ಅನ್ನುತ್ತಿದ್ದಾರೆ. ಪುರಸಭೆಯವರು ಮುಂದೆ ಮೀಟರ್ ಕೂರಿಸಿ 24 ಗಂಟೆ ನೀರು ಕೊಡ್ತೀವಿ ಅನ್ನುತ್ತಾರೆ. ನಮ್ಮ ಯಜಮಾನರು, 'ಮೂಲಸೌಕರ್ಯ ಅಂದ್ರೆ ಹೈವೇ, ರೈಲು, ವಿಮಾನ ನಿಲ್ದಾಣ. ಮನೆ ನೀರು ಅವರವರ ಪಾಡು. ಸುಮ್ನೆ ಪುರಸಭೆ ಸುತ್ತಬೇಡ' ಅಂತಾರೆ. ಮನೆ ಕೆಲಸಕ್ಕೆ ಬರುವವರು ನೀರು ಬಿಡೋ ದಿನ ಬರೋದಿಲ್ಲ, ಅವತ್ತು ನಾನೂ ಶಾಲೆಗೆ ಪಾಠ ಮಾಡೋಕೆ ತಡವಾಗಿ ಹೋಗಬೇಕು. ನಾವು ಹೇಗೋ ನಿಭಾಯಿಸುತ್ತಿರುವಾಗ ಊರಿನ ಪೈಪಿನ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಬೋರ್‌ಗೆ ದುಡ್ಡು ಕೊಡಲಾ?"

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಬೋರ್ ವಿಷಯ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಮಗಳ ಕಾಮಾಲೆ ಅನ್ನಿಸಿತು. ಸಂಪ್ ಇದೆ, ಆರ್‌ಒ ಇದೆ, ಇಷ್ಟು ಖರ್ಚು ಮಾಡಿದ್ದೀರಿ, ಆದರೂ ಬಂತು. ಮತ್ತೆ ಬರುತ್ತದಾ ಅನ್ನುವ ಹೆದರಿಕೆ ಸಹಜ. ಮೂವತ್ತೊಂದು ವರ್ಷ ಸಣ್ಣ ಊರುಗಳ ನೀರು ಸರಬರಾಜಿನಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿದವನು ನಾನು. ಹಾಗಾಗಿ ಪೈಪಿನಿಂದಲೇ ಶುರು ಮಾಡುತ್ತೇನೆ.

ಪೈಪ್ ಖಾಲಿ ಇದ್ದಾಗ

ಪೈಪಿನಲ್ಲಿ ನೀರು ತುಂಬಿದ್ದು ಒತ್ತಡ ಇದ್ದಾಗ, ಎಲ್ಲೋ ಸಣ್ಣ ಬಿರುಕಿದ್ದರೆ ನೀರು ಒಳಗಿನಿಂದ ಹೊರಗೆ ಸೋರುತ್ತದೆ. ನೀರು ಪೋಲಾಗುತ್ತದೆ ನಿಜ. ಆದರೆ ಹೊರಗಿನ ಹೊಲಸು ಒಳಗೆ ಬರಲಾರದು. ವಾಲ್ವ್ ಮುಚ್ಚಿದ ಮೇಲೆ ಇದು ತಿರುಗುಮುರುಗಾಗುತ್ತದೆ. ಪೈಪ್ ಖಾಲಿ ಆಗುತ್ತಾ ಸುತ್ತಲಿನ ತೇವವನ್ನು ಅದೇ ಬಿರುಕಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಎಂಟು ದಿನ ಅಂದರೆ 192 ಗಂಟೆ. ಅದರಲ್ಲಿ 190 ಗಂಟೆ ನಿಮ್ಮ ಓಣಿಯ ಪೈಪ್ ಹೀಗೆ ಇರುತ್ತದೆ.

ಇನ್ನು ಆ ಬಿರುಕು ಎಲ್ಲಿರುತ್ತದೆ ಅನ್ನುವುದನ್ನು ನೋಡಿ. ನಾನು ಅಗೆಸಿದ ಲೀಕೇಜ್‌ಗಳಲ್ಲಿ ಜಾಸ್ತಿ ಸಿಕ್ಕಿದ್ದು ದೊಡ್ಡ ಮೇನ್ ಲೈನಿನಲ್ಲಲ್ಲ, ಮನೆಮನೆಗೆ ಹೋಗುವ ಅರ್ಧ ಇಂಚಿನ ಪೈಪಿನಲ್ಲಿ. ಅದು ಗಟಾರವನ್ನು ದಾಟಿ ಬರುತ್ತದೆ. ಎಷ್ಟೋ ಕಡೆ ಗಟಾರದ ನೀರೊಳಗೇ ಮುಳುಗಿರುತ್ತದೆ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಅಲ್ಲಿ ತುಕ್ಕು ಹಿಡಿದು ತೂತಾಗುತ್ತದೆ. ಮಳೆಗಾಲದಲ್ಲಿ ಗಟಾರ ತುಂಬಿದಾಗ ಆ ತೂತಿನ ಮೇಲೆಯೇ ಕೊಳಚೆ ನಿಂತಿರುತ್ತದೆ. ನೀರು ಬಿಟ್ಟ ದಿನ ಯಾರಾದರೂ ಮೋಟಾರನ್ನು ನೇರವಾಗಿ ನಳಕ್ಕೆ ಹಚ್ಚಿದರೆ ಮುಗಿಯಿತು. ತಮ್ಮ ಪಾಲಿನ ನೀರಿನ ಜೊತೆ ಇಡೀ ಓಣಿಯ ಕೊಳಚೆಯನ್ನೂ ಅವರು ಎಳೆದು ಪೈಪಿಗೆ ತರುತ್ತಾರೆ.

ಕಾಮಾಲೆಯ ವೈರಸ್ ಮೈಸೇರಿ ಕಣ್ಣು ಹಳದಿ ಆಗುವುದಕ್ಕೆ ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು. ಅಷ್ಟರಲ್ಲಿ ಎರಡರಿಂದ ಐದು ಸಲ ನೀರು ಬಂದು ಹೋಗಿರುತ್ತದೆ. ಆಗ ನೀರು ಪರೀಕ್ಷೆ ಮಾಡಿಸಿದರೆ "ಏನೂ ತೊಂದರೆ ಇಲ್ಲ" ಅಂತ ವರದಿ ಬರಬಹುದು. ಆ ವರದಿ ಸುಳ್ಳಲ್ಲ, ತಡವಾದದ್ದು. ಇನ್ನು ನಿಮ್ಮ ಆರ್‌ಒ ಇರುವುದು ಅಡುಗೆಮನೆಯಲ್ಲಿ. ಹಲ್ಲುಜ್ಜುವ ನೀರು, ಸೌತೆಕಾಯಿ ತೊಳೆದ ನೀರು, ಶಾಲೆಯಲ್ಲಿ ಕುಡಿದ ನೀರು, ಗೆಳತಿಯ ಮನೆಯಲ್ಲಿ ಕುಡಿದ ನೀರು ಇದ್ಯಾವುದೂ ಅದರ ಮೂಲಕ ಹೋಗುವುದಿಲ್ಲ. ಮಗಳಿಗೆ ಕಾಮಾಲೆ ಬಂದದ್ದಕ್ಕೆ ದಯವಿಟ್ಟು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಒಂದು ಮನೆಯವರು ಎಷ್ಟು ಎಚ್ಚರ ಇರಬಹುದೋ ಅಷ್ಟು ನೀವು ಇದ್ದಿರಿ.

ಇದನ್ನು ನಮ್ಮ ಕಡೆಯೇ ಅಳೆದು ನೋಡಿದ್ದಾರೆ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಪೈಪ್ ಬದಲಿಸಿ, ಮೀಟರ್ ಕೂರಿಸಿ ನಿರಂತರ ನೀರು ಕೊಟ್ಟರು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ವಾರ್ಡ್‌ಗಳ ನಳದ ನೀರನ್ನು ಪಕ್ಕಪಕ್ಕ ಇಟ್ಟು ನೋಡಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಹೊಲಸು ಬೆರೆತ ಮಾದರಿಗಳು ಜಾಸ್ತಿ ಸಿಕ್ಕವು. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಯಾಕೆಂದರೆ ಭೇದಿಗೆ ಬೇರೆ ದಾರಿಗಳೂ ಇವೆ. ಆದರೆ ನಿರಂತರ ನೀರು ಬರುವ ಕಡೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು, ಟೈಫಾಯ್ಡ್ ಬಂದ ಮನೆಗಳೂ ಕಡಿಮೆ ಇದ್ದವು. ನನಗೆ ಇದು ಮುಖ್ಯ ಅನ್ನಿಸುತ್ತದೆ. ಸಂಪ್, ಆರ್‌ಒ ಇಲ್ಲದವರಿಗೆ ಪೈಪ್ ಒಂದೇ ಕಾವಲು.

ಯಜಮಾನರ ಮಾತು

ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಹೈವೇ, ರೈಲು ಮೂಲಸೌಕರ್ಯವೇ. ಆದರೆ ಒಂದು ವಸ್ತು ಮೂಲಸೌಕರ್ಯ ಹೌದೋ ಅಲ್ಲವೋ ಅಂತ ನೋಡುವಾಗ ನಾನು ಅದರ ಗಾತ್ರ ನೋಡುವುದಿಲ್ಲ. ಇದು ನಿಂತರೆ ಇನ್ನೆಷ್ಟು ಕೆಲಸ ನಿಲ್ಲುತ್ತದೆ, ಒಂದು ಮನೆ ಒಂಟಿಯಾಗಿ ಇದನ್ನು ಮಾಡಿಕೊಳ್ಳಬಹುದಾ ಅಂತ ನೋಡುತ್ತೇನೆ. ಹೈವೇ ಒಂದು ದಿನ ಬಂದಾದರೆ ಸುತ್ತು ಹಾಕಿ ಹೋಗುತ್ತೇವೆ. ನೀರಿನ ದಿನ ನಿಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ನೀವೇ ಬರೆದಿದ್ದೀರಿ. ಕೆಲಸದವರು ನಳದ ಮುಂದೆ ಕೂತಿರುತ್ತಾರೆ, ಬರುವುದಿಲ್ಲ. ನೀವು ಶಾಲೆಗೆ ತಡವಾಗಿ ಹೋಗುತ್ತೀರಿ. ನಿಮ್ಮ ಕ್ಲಾಸಿನ ಮಕ್ಕಳ ಮೊದಲ ಪಾಠ ತಪ್ಪುತ್ತದೆ. ಆ ಮಕ್ಕಳ ತಂದೆತಾಯಿಗೆ ತಮ್ಮ ಮಗುವಿನ ಗಣಿತದ ಪಾಠಕ್ಕೂ ಇನ್ಯಾವುದೋ ಓಣಿಯ ವಾಲ್ವ್‌ಗೂ ಸಂಬಂಧ ಇದೆ ಅಂತ ಗೊತ್ತೇ ಇರುವುದಿಲ್ಲ. ಮೂಲಸೌಕರ್ಯ ಅನ್ನುವುದು ಹೀಗೇ, ಕಣ್ಣಿಗೆ ಕಾಣದ ಹಾಗೆ ಒಬ್ಬರ ದಿನವನ್ನು ಇನ್ನೊಬ್ಬರ ದಿನಕ್ಕೆ ಕಟ್ಟಿರುತ್ತದೆ.

ಈಗ ಲೆಕ್ಕ ಹಾಕಿ. ಮನೆಗೆ 90 ಸಾವಿರದಂತೆ 64 ಮನೆಗೆ 57 ಲಕ್ಷ 60 ಸಾವಿರ. ನೀವೆಲ್ಲ ಸೇರಿ ಒಂದು ಸರಬರಾಜು ವ್ಯವಸ್ಥೆಗೆ ಆಗಲೇ ದುಡ್ಡು ಕೊಟ್ಟಾಗಿದೆ. ಆದರೆ ಅದು 64 ಚೂರಾಗಿ ನೆಲದಡಿ ಹೂತಿದೆ. ಒಂದು ಚೂರು ಇನ್ನೊಂದಕ್ಕೆ ಉಪಯೋಗವಿಲ್ಲ.

ಮನೆ ಕೆಲಸದವರ ಕಡೆಯಿಂದಲೂ ನೋಡಿ. 5,000 ಲೀಟರ್ ಸಂಪ್ ಇದ್ದರೆ ಐದು ಜನರ ಮನೆಗೆ ಎಂಟು ದಿನ ತಲಾ ದಿನಕ್ಕೆ 125 ಲೀಟರ್. ಒಳಚರಂಡಿ ಇರುವ ಪಟ್ಟಣಗಳಿಗೆ ಸರ್ಕಾರ ಇಟ್ಟಿರುವ ಅಳತೆ 135 ಲೀಟರ್. ಹತ್ತಿರ ಹತ್ತಿರ ಸಿಕ್ಕಂತಾಯಿತು. 200 ಲೀಟರಿನ ಎರಡು ಡ್ರಮ್ ಮಾತ್ರ ಇರುವ ಮನೆಗೆ ತಲಾ ದಿನಕ್ಕೆ 10 ಲೀಟರ್. ಪೈಪ್ ಒಂದೇ, ವಾಲ್ವ್ ಒಂದೇ, ನೀರಿನ ದರ ಒಂದೇ. ಯಾರಿಗೆ ಎಷ್ಟು ಅಂತ ನಿರ್ಧರಿಸುವುದು ತುಂಬಿಡೋಕೆ ಯಾರ ಹತ್ತಿರ ಎಷ್ಟು ಜಾಗ ಇದೆ ಅನ್ನುವುದು.

"ನಮ್ಮ ಮನೆ ನಾವು ನೋಡಿಕೊಂಡರೆ ಸಾಕು" ಅನ್ನುವುದು ಹಿಂದೆಯೂ ನಡೆದಿಲ್ಲ. ಬೆಂಗಳೂರಿಗೆ 1894ರಲ್ಲೇ ಹೆಸರಘಟ್ಟದಿಂದ ಕೊಳವೆ ನೀರು ಬಂದಿತ್ತು. ಆದರೆ ಹಳೇ ಪೇಟೆಯ ಓಣಿಗಳಲ್ಲಿ ಗಟಾರ, ಗಾಳಿ, ಬೆಳಕು ಸರಿ ಇರಲಿಲ್ಲ. 1898ರಲ್ಲಿ ಪ್ಲೇಗ್ ಬಂತು. ಯಾರ ಮನೆ ಚೊಕ್ಕಟ, ಯಾರದು ಅಲ್ಲ ಅಂತ ಅದು ನೋಡಲಿಲ್ಲ. ಆ ಪೆಟ್ಟಿನ ನಂತರ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಅಗಲ ರಸ್ತೆ, ಮನೆ ಹಿಂದೆ ಕೊಳೆ ಸಾಗಿಸುವ ಗಲ್ಲಿ ಇಟ್ಟುಕೊಂಡು ಬೆಳೆದವು. ಪ್ಲೇಗ್ ತಡೆಯುವ ಕೆಲಸ ಹೊಂದಿಸುವುದಕ್ಕೆ ಊರಿನಲ್ಲಿ ಟೆಲಿಫೋನ್ ತಂತಿ ಎಳೆದದ್ದೂ ಆಗಲೇ.

ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನ್ನ ಕೆಲಸದಲ್ಲಿ ಕಲಿತದ್ದೆಲ್ಲ ಇಲ್ಲೇ ಇದೆ.

ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ನೀರು ಬಿಡುವವರೊಬ್ಬರಿದ್ದರು. ಓದು ಕಡಿಮೆ. ಊರಿನ ಎಲ್ಲ ವಾಲ್ವ್ ಎಲ್ಲಿದೆ, ಯಾವುದಕ್ಕೆ ಎಷ್ಟು ಸುತ್ತು, ಯಾವ ಓಣಿಗೆ ನೀರು ಏರುವುದಿಲ್ಲ, ಎಲ್ಲ ಅವರ ತಲೆಯಲ್ಲಿತ್ತು. ರಾತ್ರಿ ಎರಡು ಗಂಟೆಗೆ, ಊರು ಮಲಗಿದ ಮೇಲೆ, ಕಬ್ಬಿಣದ ಸರಳಿನ ಒಂದು ತುದಿ ರಸ್ತೆಗೆ ಊರಿ ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು ಲೀಕೇಜ್ ಎಲ್ಲಿದೆ ಅಂತ ಹೇಳುತ್ತಿದ್ದರು. ಅಗೆದರೆ ಅಲ್ಲೇ ಇರುತ್ತಿತ್ತು. ಅವರು ನಿವೃತ್ತರಾದರು. ಅವರ ಜಾಗಕ್ಕೆ ತಿಂಗಳುಗಳವರೆಗೆ ಯಾರೂ ಬರಲಿಲ್ಲ. ಅದೇ ಹೊತ್ತಿಗೆ ಊರಿಗೆ ಕಾಂಕ್ರೀಟ್ ರಸ್ತೆಯ ದುಡ್ಡು ಬಂತು. ರಸ್ತೆ ಚೆನ್ನಾಗಿಯೇ ಆಯಿತು. ಹನ್ನೊಂದು ವಾಲ್ವ್ ಚೇಂಬರ್ ಅದರ ಕೆಳಗೆ ಮುಚ್ಚಿಹೋದವು. ಮುಂದಿನ ವರ್ಷ ಒಂದು ಪೈಪ್ ಒಡೆದಾಗ ಆ ಓಣಿಯೊಂದಕ್ಕೆ ನೀರು ನಿಲ್ಲಿಸಲು ಆಗದೆ ಅರ್ಧ ಊರಿಗೆ ನಿಲ್ಲಿಸಿದೆವು. ಕೊನೆಗೆ ಅವರನ್ನೇ ಮನೆಯಿಂದ ಕರೆಸಿದೆ. ಅವರು ಹೊಸ ರಸ್ತೆಯ ಮೇಲೆ ನಿಧಾನವಾಗಿ ನಡೆದು, ಒಂದು ಬೇವಿನ ಮರ ನೋಡಿ, ಎರಡು ಹೆಜ್ಜೆ ಈಚೆ ಬಂದು, "ಇಲ್ಲಿ ಒಡೀರಿ ಸಾಹೇಬ್ರ" ಅಂದರು.

ಅವತ್ತಿನಿಂದ ಯಾರಾದರೂ ಮೂಲಸೌಕರ್ಯ ಅಂದರೆ ನನಗೆ ಟಾಕಿ, ಪಂಪ್‌ಹೌಸ್ ನೆನಪಾಗುವುದಿಲ್ಲ. ಆ ಎರಡು ಹೆಜ್ಜೆ ನೆನಪಾಗುತ್ತದೆ.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕೆರೆಯ ಶಾಸನಗಳನ್ನು ನೋಡಿ. ಕೆರೆ ಕಟ್ಟಿಸಿದವರ ಹೆಸರಿಗೆ ಮುಗಿಸುವುದಿಲ್ಲ. ಅದನ್ನು ಕಾಪಾಡಿಕೊಂಡು ಹೋಗುವುದಕ್ಕೆ ಬಿಟ್ಟ ಜಮೀನನ್ನೂ ಕಲ್ಲಿನಲ್ಲಿ ಬರೆಸಿರುತ್ತಾರೆ. ಕಟ್ಟುಕೊಡಗೆ, ಬಿತ್ತುವಟ್ಟ ಅನ್ನುವ ಹೆಸರುಗಳು ಆ ಏರ್ಪಾಟಿನವು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನು ನೀರುಗಂಟಿ. ಇವತ್ತಿಗೂ ಗ್ರಾಮ ಪಂಚಾಯಿತಿಗಳಲ್ಲಿ ನಳಕ್ಕೆ ನೀರು ಬಿಡುವವರನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಹೆಸರು ಉಳಿಯಿತು, ಅವನ ಪಾಲಿಗೆ ಬಿಟ್ಟ ಜಮೀನು ಹೋಯಿತು.

ಈಗ ಕಟ್ಟುವುದಕ್ಕೆ ದುಡ್ಡು ಒಂದು ಕಡೆಯಿಂದ ಬರುತ್ತದೆ, ನೋಡಿಕೊಳ್ಳುವುದಕ್ಕೆ ಇನ್ನೊಂದು ಕಡೆಯಿಂದ. ಹೊಸ ಟಾಕಿಗೆ ರಾಜ್ಯ, ಕೇಂದ್ರದ ಅನುದಾನ. ಪಂಪಿನ ಕರೆಂಟ್ ಬಿಲ್, ಕ್ಲೋರಿನ್, ರಿಪೇರಿ, ಸಿಬ್ಬಂದಿ ಇದಕ್ಕೆಲ್ಲ ಬಹುಪಾಲು ಊರಿನ ನೀರಿನ ಕರವನ್ನೇ ನಂಬಬೇಕು. ಆ ಕರ ಏರಿಸಲು ಯಾವ ಸದಸ್ಯರಿಗೂ ಧೈರ್ಯವಿಲ್ಲ. ದೊಡ್ಡ ಊರಿನ ಕಥೆಯೂ ಇದೇ. ಬೆಂಗಳೂರಿಗೆ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ಅಲ್ಲಿ 2014ರಲ್ಲಿ ಏರಿದ ನೀರಿನ ದರ ಮತ್ತೆ ಏರಿದ್ದು 2025ರಲ್ಲಿ. ಅಷ್ಟೂ ವರ್ಷ ಕರೆಂಟ್ ದರ ನಿಂತಿರಲಿಲ್ಲ ಅಲ್ವಾ?

ಕೇಳಿ ಬರುವ ಕೆಲವು ಮಾತುಗಳು

"24 ಗಂಟೆ ಕೊಟ್ಟರೆ ಜನ ಚೆಲ್ಲಾಡ್ತಾರೆ" ಅನ್ನುತ್ತಾರೆ. ಈಗ ಚೆಲ್ಲುತ್ತಿಲ್ಲವಾ? ಹೊಸ ನೀರು ಬಂತು ಅಂತ ಕೊಡದಲ್ಲಿದ್ದ ಹಳೇ ನೀರನ್ನು ಅಂಗಳಕ್ಕೆ ಸುರಿಯುವುದನ್ನು ನೀವೂ ನೋಡಿರುತ್ತೀರಿ. ಎಷ್ಟು ಹೊತ್ತಿಗೆ ಬರುತ್ತದೋ ಅಂತ ನಳ ತೆರೆದಿಟ್ಟು ಮಲಗುತ್ತಾರೆ. ನಾಳೆ ಸಿಗುತ್ತದೆ ಅಂತ ಖಾತ್ರಿ ಇದ್ದರೆ ಯಾರೂ ತುಂಬಿಟ್ಟು ಚೆಲ್ಲುವುದಿಲ್ಲ.

"ಬೋರಿನ ನೀರು ಆಳದ್ದು, ಶುದ್ಧ" ಅನ್ನುವುದು ನಿಮ್ಮ ಜಿಲ್ಲೆಯ ಮಟ್ಟಿಗೆ ಅಪಾಯದ ಮಾತು. ಮುಂಡರಗಿ ಕಡೆ ಫ್ಲೋರೈಡ್ ಹಳೇ ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು. ಮಕ್ಕಳ ಹಲ್ಲು ಕಂದು ಪಟ್ಟೆ ಹಿಡಿಯುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕೇಡು. ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ, ರುಚಿಗೂ ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

"ಹೊಸ ಪೈಪ್ ಹಾಕಿದರೆ ಎಲ್ಲ ಸರಿ" ಅನ್ನುವುದೂ ಪೂರ್ತಿ ನಿಜವಲ್ಲ. ಹೊಸ ಪೈಪ್ ಹಾಕಿ ಮತ್ತೆ ಎಂಟು ದಿನಕ್ಕೊಮ್ಮೆಯೇ ನೀರು ಬಿಟ್ಟರೆ, ಮನೆ ಕನೆಕ್ಷನ್ ಗಟಾರದಲ್ಲೇ ಉಳಿದರೆ, ಕೆಲವೇ ವರ್ಷದಲ್ಲಿ ಅದೇ ಹಾಡು.

ನಿಮ್ಮ ಮುಂದಿರುವ ದಾರಿಗಳು

ಬೋರ್ ಕೊರೆಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬಳಕೆಯ ನೀರಿಗೆ, ಬೇಸಿಗೆಯ ಟ್ಯಾಂಕರ್ ತಪ್ಪಿಸುವುದಕ್ಕೆ ಅದು ನೆರವಾಗುತ್ತದೆ. ಆದರೆ 64 ಮನೆಯ 11 ಲಕ್ಷ 52 ಸಾವಿರ ರೂಪಾಯಿ ಕೊರೆಯುವುದು, ಮೋಟಾರ್, ಪೈಪಿಗೇ ಮುಗಿಯುತ್ತದಾ ಅಂತ ಮೊದಲು ಕೇಳಿ. ಮೋಟಾರ್ ಸುಟ್ಟಾಗ ಯಾರು ಕೊಡುತ್ತಾರೆ? ಮೂರು ಬೇಸಿಗೆ ಆದ ಮೇಲೆ ಬತ್ತಿದರೆ? ಪಕ್ಕದ ಬಡಾವಣೆಯವರು ಇನ್ನೂ ಆಳಕ್ಕೆ ಕೊರೆಸಿದರೆ? ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ದುಡ್ಡು ಕೊಡಬೇಡಿ. ಕೊರೆಸಿದರೂ ಫ್ಲೋರೈಡ್, ನೈಟ್ರೇಟ್, ಗಡಸುತನ ಪರೀಕ್ಷೆ ಆಗುವವರೆಗೆ ಕುಡಿಯಬೇಡಿ. ಇನ್ನೊಂದು ಮಾತು, ಬೋರಿನ ಲೈನನ್ನು ಪುರಸಭೆಯ ಲೈನಿಗೆ ಎಲ್ಲೂ ಸೇರಿಸಬೇಡಿ. ಒಂದರ ಹೊಲಸು ಇನ್ನೊಂದಕ್ಕೆ ಹೋಗುತ್ತದೆ, ಆಮೇಲೆ ಮೂಲ ಹುಡುಕುವುದೇ ಆಗುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಬೇರೆಯದು. ಬೋರ್ ಬಂದ ಮೇಲೆ ನಿಮ್ಮ 64 ಮನೆಯವರು ಪುರಸಭೆಗೆ ಹೋಗುವುದನ್ನು ನಿಲ್ಲಿಸುತ್ತೀರಿ. ಅರ್ಜಿ ಬರೆಯಬಲ್ಲವರು, ಅಧಿಕಾರಿಯ ಮುಂದೆ ಕೂತು ಮಾತಾಡಬಲ್ಲವರು ಹಿಂದೆ ಸರಿದರೆ, ಎರಡು ಡ್ರಮ್ಮಿನ ಮನೆಯವರ ಪರವಾಗಿ ಕೇಳುವವರು ಯಾರು?

24 ಗಂಟೆಯ ಯೋಜನೆ ಬಂದರೆ ಮೀಟರ್ ಅಂದ ಕೂಡಲೇ ಹೆದರಬೇಡಿ, ಕೇಳದೆ ಒಪ್ಪಲೂ ಬೇಡಿ. ಬಡ ಮನೆಗಳಿಗೆ ಕನಿಷ್ಠ ಇಷ್ಟು ನೀರಿಗೆ ಕಡಿಮೆ ದರ ಇದೆಯಾ, ರಸ್ತೆ ಅಗೆದದ್ದನ್ನು ಯಾರು ಮುಚ್ಚುತ್ತಾರೆ, ಗುತ್ತಿಗೆ ಮುಗಿದ ಮೇಲೆ ನಿರ್ವಹಣೆ ಯಾರದು? ಈ ಮೂರಕ್ಕೂ ಬರಹದಲ್ಲಿ ಉತ್ತರ ಬೇಕು. ಇಂಥ ಯೋಜನೆಗೆ ವರ್ಷಗಳು ಹಿಡಿಯುತ್ತವೆ, ಅದಕ್ಕಾಗಿ ಕಾಯುತ್ತಾ ಸುಮ್ಮನೆ ಕೂರುವುದಕ್ಕೂ ಆಗುವುದಿಲ್ಲ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಸಣ್ಣ ರಿಪೇರಿಗಳ ಬೆನ್ನು ಹತ್ತುತ್ತಿದ್ದೆ. "ನೀರು ಕೊಡಿ" ಅಂತ ಅರ್ಜಿ ಹಾಕಿದರೆ "ಕೊಡ್ತಿದೀವಲ್ಲ" ಅನ್ನುತ್ತಾರೆ. ಬದಲಿಗೆ ನಿಮ್ಮ ಓಣಿಯ ನಕ್ಷೆ ಕೈಯಲ್ಲೇ ಬರೆಯಿರಿ. ಎಲ್ಲೆಲ್ಲಿ ಪೈಪ್ ಗಟಾರ ದಾಟುತ್ತದೆ, ನೀರಿನ ದಿನ ಎಲ್ಲಿ ರಸ್ತೆ ಒದ್ದೆಯಾಗುತ್ತದೆ ಅಂತ ಗುರುತು ಹಾಕಿ. ನಿಮ್ಮ ಶಾಲೆಯ ದೊಡ್ಡ ತರಗತಿಯ ಮಕ್ಕಳು ಈ ಕೆಲಸ ತುಂಬ ಚೆನ್ನಾಗಿ ಮಾಡುತ್ತಾರೆ. ಅದನ್ನು ಹಿಡಿದು ಮುಖ್ಯಾಧಿಕಾರಿಗಳ ಹತ್ತಿರ ಹೋಗಿ ಆ ಕನೆಕ್ಷನ್‌ಗಳನ್ನು ಗಟಾರದಿಂದ ಮೇಲೆ ಎತ್ತಿಸಲು ಕೇಳಿ. ಮನೆ ಕನೆಕ್ಷನ್ ಬದಲಿಸುವ ಖರ್ಚು ಮನೆಯವರದೇ ಅಂದರೆ ಬೋರಿಗೆ ಅಂತ ತೆಗೆದಿಟ್ಟ 18 ಸಾವಿರದಲ್ಲಿ ಸ್ವಲ್ಪ ಭಾಗ ಸಾಕು. ಓಣಿಯ ಕೊನೆಯ ಮನೆಯ ನಳದಲ್ಲಿ ಕ್ಲೋರಿನ್ ಎಷ್ಟಿದೆ ಅಂತ ನಿಮ್ಮ ಎದುರೇ ನೋಡಿಸಿ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು. ನೋಡುವ ಕಿಟ್ ಚಿಕ್ಕದು, ಐದು ನಿಮಿಷದ ಕೆಲಸ. ನೇರ ಮೋಟಾರ್ ಹಚ್ಚುವುದನ್ನು ಬಡಾವಣೆಯವರೇ ಒಪ್ಪಂದ ಮಾಡಿಕೊಂಡು ನಿಲ್ಲಿಸಿ. ಇದು ಕಷ್ಟ, ನೆರೆಹೊರೆಯ ಮಾತು, ಜಗಳ ಆಗಬಹುದು. ಆದರೆ ನಿಮ್ಮ ಮಗಳ ಹೆಸರು ಹೇಳಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಎಂಟು ದಿನವನ್ನು ನಾಲ್ಕು ದಿನಕ್ಕೆ ಇಳಿಸಿ ಅಂತಲೂ ಕೇಳಿ. ಸೋರಿಕೆ ಕಡಿಮೆಯಾದರೆ ಎಷ್ಟೋ ಕಡೆ ಇದ್ದ ನೀರಿನಲ್ಲೇ ಇದು ಸಾಧ್ಯವಾಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ ಇಷ್ಟು ಮಾಡಿ. ಕುಡಿಯುವ ನೀರು ತೆರೆತೆರೆಯಾಗಿ ಕುದಿಯಲಿ, ಆಮೇಲೂ ಒಂದು ನಿಮಿಷ ಬಿಡಿ. ಪುರಸಭೆಯ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇದ್ದು ಫ್ಲೋರೈಡ್, ನೈಟ್ರೇಟ್ ತೊಂದರೆ ಇಲ್ಲದಿದ್ದರೆ ಆರ್‌ಒ ಬೇಕಿಲ್ಲ, ಅದು ಸುಮ್ನೆ ನೀರು ಚೆಲ್ಲುತ್ತದೆ. ವರ್ಷಕ್ಕೆ ಎರಡು ಸಲ ಸಂಪ್ ಖಾಲಿ ಮಾಡಿ ಉಜ್ಜಿಸಿ, ಶೌಚದ ಗುಂಡಿ ಹತ್ತಿರವಿದ್ದರೆ ಗೋಡೆಯಲ್ಲಿ ತೇವ ಇಣುಕುತ್ತಿದೆಯಾ ನೋಡಿಸಿ. ಸಂಪ್ ತುಂಬಿದ ಮೇಲೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರನ್ನು ಮಾತ್ರ ಸುರಿಯಿರಿ. ಒಂದು ತಾಸು ಬಿಟ್ಟು ಬಳಸಿ. ಮನೆಯಲ್ಲಿ, ಓಣಿಯಲ್ಲಿ ಗರ್ಭಿಣಿಯರಿದ್ದು ಅವರಿಗೆ ಕಾಮಾಲೆಯ ಲಕ್ಷಣ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನೊಂದು, ಇದು ಮುಂದಿನ ನೀರಿನ ದಿನದಿಂದಲೇ ಆಗಲಿ. ನೀರು ಬಂದ ಕೂಡಲೇ ಸಂಪಿಗೆ ಬಿಡಬೇಡಿ. ಪೈಪಿನಲ್ಲಿ ಎಂಟು ದಿನ ಕೂತ ಹೊಲಸು ಹೆಚ್ಚಾಗಿ ಬರುವುದು ಮೊದಲ ನೀರಿನಲ್ಲೇ. ಹತ್ತು ನಿಮಿಷ ಅದನ್ನು ಗಿಡಕ್ಕೆ, ಅಂಗಳಕ್ಕೆ ಬಿಟ್ಟು, ಬಣ್ಣ ತಿಳಿಯಾದ ಮೇಲೆ ಸಂಪಿನ ಕಡೆ ತಿರುಗಿಸಿ. ನಿಮ್ಮ ಮನೆ ಕೆಲಸದವರಿಗೂ ಇದನ್ನು ಹೇಳಿ. ಅವರ ಡ್ರಮ್ಮಿಗೂ ಇದೇ ಲೆಕ್ಕ, 200 ಲೀಟರಿನ ಒಂದು ಡ್ರಮ್ಮಿಗೆ ಬ್ಲೀಚಿಂಗ್ ಪೌಡರ್ ಅರ್ಧ ಗ್ರಾಂ.